ಕೂಟಗಲ್ಲಿನ ಚರಿತ್ರೆ ಎಲ್ಲೆಲ್ಲಿದೆ

ಕೂಟಗಲ್ಲಿನ ತಿಮ್ಮಪ್ಪನ ಬೆಟ್ಟ ಇದ್ದಲ್ಲೇ ಇದೆ. ಊರಿನ ವಿಳಾಸ ಮಾತ್ರ ಮತ್ತೆ ಮತ್ತೆ ಬದಲಾಗಿದೆ. ಇಂದು ಎಂಬತ್ತೈದು ದಾಟಿದ ಹಿರಿಯರು ಹುಟ್ಟಿದಾಗ ಕೂಟಗಲ್ ಮೈಸೂರು ಮಹಾರಾಜರ ರಾಜ್ಯದ ಬೆಂಗಳೂರು ಜಿಲ್ಲೆಗೆ ಸೇರಿತ್ತು. ಕಚೇರಿ ಕೆಲಸಕ್ಕೆ ಹೋಗಬೇಕಾದ ಪಟ್ಟಣದ ಹೆಸರು ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದ ಮೇಲೆ ಕ್ಲೋಸ್‌ಪೇಟೆ ಹೋಗಿ ರಾಮನಗರ ಬಂತು. 1986ರಲ್ಲಿ ಜಿಲ್ಲೆ ಒಡೆದು ಬೆಂಗಳೂರು ಗ್ರಾಮಾಂತರ ಆಯಿತು. 2007ರ ಆಗಸ್ಟ್ 23ರಂದು ರಾಮನಗರವೇ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಹೊಲ, ಮನೆ, ದೇವಸ್ಥಾನ ಯಾವುದೂ ಕದಲಲಿಲ್ಲ. ಕಾಗದದ ತಲೆಬರಹ ಮಾತ್ರ ಬದಲಾಗುತ್ತ ಬಂತು.

ರಾಮನಗರ ತಾಲ್ಲೂಕಿಗೆ ನಾಲ್ಕು ಹೋಬಳಿ: ಕಸಬ, ಬಿಡದಿ, ಕೈಲಾಂಚ, ಕೂಟಗಲ್. ಹೋಬಳಿಯ ಕೇಂದ್ರವಾದ ಕಾರಣ ಸುತ್ತಲಿನ ಹಳ್ಳಿಗಳವರು ನಾಡಕಚೇರಿಗೆ, ಬಿತ್ತನೆ ಬೀಜಕ್ಕೆ, ಪಹಣಿಗೆ, ಪಿಂಚಣಿಗೆ ಕೂಟಗಲ್ಲಿಗೇ ಬರುತ್ತಾರೆ. ಬಂಡೆ, ಕುರುಚಲು ಕಾಡು, ನಡುವೆ ರಾಗಿ ಹೊಲ, ಹಿಪ್ಪುನೇರಳೆ ತೋಟ, ಮಾವು. ರಾಮನಗರಕ್ಕೆ ಬರುವ ಪ್ರವಾಸಿಗರು ‘ಶೋಲೆ’ ಚಿತ್ರೀಕರಣವಾದ ರಾಮದೇವರ ಬೆಟ್ಟ ನೋಡಿ ಹೆದ್ದಾರಿ ಹಿಡಿಯುತ್ತಾರೆ. ಚರಿತ್ರೆಯ ಪುಸ್ತಕಗಳೂ ಹಾಗೆಯೇ, ಶ್ರೀರಂಗಪಟ್ಟಣದಿಂದ ಹೊರಟರೆ ಬೆಂಗಳೂರಿನಲ್ಲೇ ನಿಲ್ಲುವುದು. ನಡುವಿನ ಸೀಮೆಯಲ್ಲಿ ಬಾಳಿದ ಜನ ಆ ಪುಸ್ತಕಗಳಲ್ಲಿ ಕಾಣುವುದಿಲ್ಲ.

ಇಂಗ್ಲೆಂಡಿನಲ್ಲಿ ಇಷ್ಟೇ ಗಾತ್ರದ ಹಳ್ಳಿಗೆ ಒಂದು ಅನುಕೂಲವಿತ್ತು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿ ಚರ್ಚಿನ ಪಾದ್ರಿಯೂ ತನ್ನ ಪ್ಯಾರಿಷ್‌ನಲ್ಲಿ, ಅಂದರೆ ಆ ಚರ್ಚಿನ ವ್ಯಾಪ್ತಿಯಲ್ಲಿ, ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರವನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಅಪ್ಪಣೆ ಮಾಡಿದ. ಕೂಲಿಯವನ ಮಗುವಿನ ಹೆಸರೂ ಆ ಪುಸ್ತಕಕ್ಕೆ ಬಿತ್ತು. 1789ರಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಸೆಲ್ಬೋರ್ನ್ ಎಂಬ ತನ್ನ ಸಣ್ಣ ಹಳ್ಳಿಯ ಹಕ್ಕಿ, ಮರ, ಮಳೆ ಮತ್ತು ಹಳೆಯ ಸಂಗತಿಗಳನ್ನೇ ಒಂದು ಪುಸ್ತಕವಾಗಿ ಪ್ರಕಟಿಸಿದ. ಅದು ಇಂದಿಗೂ ಅಚ್ಚಾಗುತ್ತಿದೆ. 1899ರಲ್ಲಿ ಶುರುವಾದ ಕೌಂಟಿ ಚರಿತ್ರೆಗಳ ಮಾಲೆ ಪ್ಯಾರಿಷ್ ಪ್ಯಾರಿಷ್‌ಗೂ ಅಧ್ಯಾಯ ಬರೆಯುತ್ತ ನೂರು ವರ್ಷ ದಾಟಿದೆ.

ನಮ್ಮ ಹೋಬಳಿಗಳಿಗೆ ಅಂಥ ಒಂದೇ ಪುಸ್ತಕವಿಲ್ಲ. ಹಾಗೆಂದು ದಾಖಲೆಯೇ ಇಲ್ಲವೆಂದಲ್ಲ. ಅದು ಕಲ್ಲಿನಲ್ಲಿ, ಶ್ಯಾನುಭೋಗರ ಕಡತದಲ್ಲಿ, ಸರ್ವೆ ನಕ್ಷೆಯಲ್ಲಿ, ಹೆಳವರ ನಾಲಿಗೆಯಲ್ಲಿ, ಮನೆಯ ಹೆಂಗಸರ ನೆನಪಿನಲ್ಲಿ ಹರಿದು ಹಂಚಿಹೋಗಿದೆ. ಕೂಡಿಸುವವರು ಬೇಕು.

ಮೊದಲು ಕಲ್ಲಿನ ಮಾತು. ಈ ಸೀಮೆಯ ಬಂಡೆಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಊರಿನ ಹೆಸರು ಬದಲಾದರೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಆ ಹೆಸರು ಉಳಿದುಕೊಂಡಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದೊಳಗೆ ಕರಗಿ ಗಟ್ಟಿಯಾದ ಶಿಲೆ ಇದು. ಕರ್ನಾಟಕದ ಉದ್ದಕ್ಕೂ ದಕ್ಷಿಣದಿಂದ ಉತ್ತರಕ್ಕೆ ಒಂದು ಪಟ್ಟೆಯಾಗಿ ಹಬ್ಬಿದೆ. ಸಾವನದುರ್ಗ, ರಾಮದೇವರ ಬೆಟ್ಟ, ಕೂಟಗಲ್ಲಿನ ಸುತ್ತಣ ಗುಡ್ಡಗಳು ಎಲ್ಲವೂ ಅದೇ ಪಟ್ಟೆಯವು. ಮಣ್ಣು ತೆಳುವಾಗಿ, ಇಳಿಜಾರು ಹೆಚ್ಚಾಗಿ, ಜನ ರಾಗಿ, ಹುರುಳಿ, ಅವರೆ ನಂಬಿ ಬದುಕಿದ್ದಕ್ಕೂ, ತಗ್ಗು ಕಂಡಲ್ಲೆಲ್ಲ ಕೆರೆ ಕಟ್ಟಿದ್ದಕ್ಕೂ ಈ ಬಂಡೆಯೇ ಕಾರಣ.

ಇಲ್ಲಿ ಮನುಷ್ಯರು ನೆಲೆ ನಿಂತದ್ದು ಬರಹ ಬರುವುದಕ್ಕೂ ಮುಂಚೆ. ಸಾವನದುರ್ಗದ ಬುಡದಲ್ಲಿ ದೊಡ್ಡ ಕಲ್ಲುಗಳಿಂದ ಕಟ್ಟಿದ ಪ್ರಾಚೀನ ಸಮಾಧಿಗಳಿರುವುದನ್ನು ಬ್ರ್ಯಾನ್‌ಫಿಲ್ ಎಂಬ ಅಧಿಕಾರಿ 1881ರಲ್ಲೇ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬರೆದಿದ್ದಾನೆ. ನಮ್ಮ ಕಡೆಯ ಹಳ್ಳಿಗಳವರು ಇಂಥ ಕಲ್ಮನೆಗಳನ್ನು ಪಾಂಡವರ ಗುಡಿ ಎನ್ನುತ್ತಾರೆ.

ಬರಹವಿರುವ ಕಲ್ಲುಗಳಿಗೆ ಬಂದರೆ, ಬಿ. ಎಲ್. ರೈಸ್ ಅವರಿಗೆ ಕೈಮುಗಿಯಬೇಕು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅವರು ಶಾಲೆಗಳ ತಪಾಸಣೆಗೆಂದು ಹಳ್ಳಿ ಹಳ್ಳಿ ಸುತ್ತುವಾಗ ಶಾಸನಗಳ ಬೆನ್ನು ಹತ್ತಿದರು. ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನಗಳನ್ನು ಅವರು ಹೊರತಂದರು. ಬೆಂಗಳೂರು ಜಿಲ್ಲೆಯ ಪಾಲಿಗೆ ಬಂದದ್ದು ಒಂಬತ್ತನೆಯ ಸಂಪುಟ, 1905ರದು. ರಾಮನಗರ ಸೀಮೆಯ ಶಾಸನ ಹುಡುಕುವವರು ಒಂದು ವಿಷಯ ತಿಳಿದಿರಬೇಕು: ಆ ಕಾಲದಲ್ಲಿ ಕ್ಲೋಸ್‌ಪೇಟೆ ಚನ್ನಪಟ್ಟಣಕ್ಕೆ ಸೇರಿದ ಉಪತಾಲ್ಲೂಕು. ರಾಮನಗರವೆಂದು ಹುಡುಕಿದರೆ ಏನೂ ಸಿಗುವುದಿಲ್ಲ. ಚನ್ನಪಟ್ಟಣದ ಭಾಗವನ್ನು ತೆರೆಯಬೇಕು. ಇಷ್ಟು ಗೊತ್ತಿಲ್ಲದೆ ಎಷ್ಟೋ ಉತ್ಸಾಹಿಗಳು ಬರಿಗೈಯಲ್ಲಿ ವಾಪಸಾಗಿದ್ದಾರೆ.

ಆ ಸಂಪುಟ ತಿರುವಿದರೆ ಸುತ್ತಮುತ್ತಣ ಕಾಲಮಾನ ಕಣ್ಣೆದುರು ನಿಲ್ಲುತ್ತದೆ. ಚನ್ನಪಟ್ಟಣದ ಬಳಿಯ ಮಂಕುಂದದಲ್ಲಿ ಏಳನೆಯ ಶತಮಾನದ ಗಂಗ ಅರಸರ ನೆಲೆಯಿತ್ತೆಂದು ರೈಸ್ ಗುರುತಿಸಿದರು. 1004ರ ಸುಮಾರಿಗೆ ಚೋಳರು ತಲಕಾಡನ್ನು ಗೆದ್ದಮೇಲೆ ಈ ಸೀಮೆ ಅವರ ಆಳ್ವಿಕೆಗೆ ಬಂತು. ಮಳೂರು, ಮಳೂರುಪಟ್ಟಣ, ಕೂಡ್ಲೂರಿನ ಗುಡಿಗಳಲ್ಲಿ ತಮಿಳು ಶಾಸನಗಳಿರುವುದು ಆ ಕಾರಣಕ್ಕೆ. ಊರಿನವರು ‘ಯಾರಿಗೂ ಓದಲಾಗದ ಲಿಪಿ’ ಎಂದು ತೋರಿಸುವ ಕಲ್ಲು ಎಷ್ಟೋ ಸಲ ತಮಿಳಿನದಾಗಿರುತ್ತದೆ. ಮುಂದಿನ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಚೋಳರಿಂದ ಗೆದ್ದುಕೊಂಡ. ಅರಸರು ಬದಲಾದರೂ ಈ ಕಲ್ಲುಗಳಲ್ಲಿ ಕಾಣುವ ವ್ಯವಹಾರ ಬದಲಾಗಲಿಲ್ಲ: ಗುಡಿಯ ದೀಪಕ್ಕೆ ಬಿಟ್ಟ ಗದ್ದೆ, ಕೆರೆಗೆ ಬಿಟ್ಟ ಕೊಡಗಿ ನೆಲ, ದನ ಕಾಯುವಾಗ ಸತ್ತವನ ವೀರಗಲ್ಲು. ಅರಸರ ವಂಶಾವಳಿ ಓದಿ ಪುಸ್ತಕ ಮುಚ್ಚುವವರು ಕೆಳಗಿನ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ಹಳ್ಳಿಯ ಚರಿತ್ರೆ ಇರುವುದು ಆ ಕೆಳಗಿನ ಸಾಲುಗಳಲ್ಲಿ. ಗದ್ದೆಯ ನಾಲ್ಕು ಎಲ್ಲೆ, ತೂಬಿನ ಹೆಸರು, ಸಾಕ್ಷಿ ಹಾಕಿದ ಗೌಡನ ಹೆಸರು ಅಲ್ಲಿಯೇ ಸಿಗುವುದು.

ಮುಂದೆ ಈ ಭಾಗ ಕೋಟೆಗಳ ಸೀಮೆಯಾಯಿತು. ಒಂದು ಕಡೆ ಚನ್ನಪಟ್ಟಣದಲ್ಲಿ ಜಗದೇವರಾಯನ ವಂಶದ ಪಾಳೆಯಪಟ್ಟು. ಅದನ್ನು 1630ರಲ್ಲಿ ಮೈಸೂರಿನವರು ತೆಗೆದುಕೊಂಡರು. ಇನ್ನೊಂದು ಕಡೆ ಮಾಗಡಿ. 1638ರಲ್ಲಿ ಬಿಜಾಪುರದ ರಣದುಲ್ಲಾಖಾನ ಬೆಂಗಳೂರನ್ನು ಹಿಡಿದಮೇಲೆ ಕೆಂಪೇಗೌಡರ ಮನೆತನ ಮಾಗಡಿಗೆ ಬಂದು ನಿಂತು, 1728ರವರೆಗೆ ಅಲ್ಲಿಂದ ಆಳಿತು. ಈ ಎರಡರ ಸುತ್ತಮುತ್ತ ರಾಮಗಿರಿ, ಸಾವನದುರ್ಗ, ಹುಲಿಯೂರುದುರ್ಗ, ಹುತ್ರಿದುರ್ಗ. 1791ರ ಡಿಸೆಂಬರಿನಲ್ಲಿ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗವನ್ನೂ ರಾಮಗಿರಿಯನ್ನೂ ಒಂದರ ಹಿಂದೆ ಒಂದು ಹಿಡಿಯಿತು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದವಸದ ದಾರಿ ತೆರೆಯುವುದೇ ಅದರ ಉದ್ದೇಶ. ಫಿರಂಗಿಗಳ ಲೆಕ್ಕವನ್ನು ಇಂಗ್ಲಿಷ್ ಅಧಿಕಾರಿಗಳು ವಿವರವಾಗಿ ಬರೆದಿಟ್ಟರು. ಸೈನ್ಯ ಹಾದ ಹಳ್ಳಿಗಳಲ್ಲಿ ಹಗೇವಿನ ರಾಗಿ ಏನಾಯಿತು, ಉಳುವ ಎತ್ತು ಎಲ್ಲಿ ಹೋದವು ಎಂಬುದನ್ನು ಬರೆಯುವ ಗೋಜಿಗೆ ಅವರು ಹೋಗಲಿಲ್ಲ.

ಟಿಪ್ಪು ಮಡಿದ ಮಾರನೆಯ ವರ್ಷ, 1800ರಲ್ಲಿ, ಹೆದ್ದಾರಿಯ ಭದ್ರತೆಗೆಂದು ಹೊಸ ಪೇಟೆ ಎದ್ದಿತು. ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರು ಅದಕ್ಕೆ ಬಿತ್ತು. ಅದೇ ವರ್ಷ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಬಂದ. ಚನ್ನಪಟ್ಟಣದ ಗಾಜಿನ ಸಾಮಾನು, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ, ಒಳ್ಳೆಯ ಸಕ್ಕರೆ, ಎಲ್ಲವನ್ನೂ ಅವನು ಗಮನಿಸಿ ಬರೆದ. ಅಂಥ ಪರದೇಶಿ ಪ್ರವಾಸಿಗರ ಬರಹಗಳನ್ನೆಲ್ಲ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳಲ್ಲಿ ಕನ್ನಡಕ್ಕೆ ತಂದವರು ಎಚ್. ಎಲ್. ನಾಗೇಗೌಡರು. ಅವರೇ ರಾಮನಗರದ ಪಕ್ಕದಲ್ಲಿ 1994ರಲ್ಲಿ ಜಾನಪದ ಲೋಕವನ್ನು ತೆರೆದರು ಎನ್ನುವುದು ಈ ಸೀಮೆಯ ಭಾಗ್ಯ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹಳ್ಳಿಗಳನ್ನು ಬುಡಸಮೇತ ಅಲುಗಿಸಿದ್ದು ಯುದ್ಧವಲ್ಲ, ಧಾತು ಈಶ್ವರದ ಬರ. 1871ರ ಮೊದಲ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. 1876ರಿಂದ 78ರವರೆಗಿನ ಹಸಿವೆ, ಅದರ ಹಿಂದೆ ಬಂದ ರೋಗ ಇಷ್ಟು ಜನರನ್ನು ನುಂಗಿದವು. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಆ ಬರದ ಕಾಲದ ಪರಿಹಾರ ಕಾಮಗಾರಿ; ಗಂಜಿ ಕೂಲಿಗೆ ಹೊತ್ತ ಮಣ್ಣಿನ ಮೇಲೆ 1881–82ರಲ್ಲಿ ರೈಲು ಓಡಿತು. ಬಿಡದಿ, ರಾಮನಗರ, ಚನ್ನಪಟ್ಟಣಗಳಲ್ಲಿ ರೈಲು ಹತ್ತುವ ಯಾರಿಗೂ ಈ ಸಂಗತಿಯನ್ನು ಹೇಳುವ ಒಂದು ಫಲಕವೂ ಇಲ್ಲ. ಇರಬೇಕು.

ಕಂದಾಯ ಇಲಾಖೆಯ ಪಟ್ಟಿಯಲ್ಲಿ ಬೇಚಿರಾಕ್ ಗ್ರಾಮಗಳೆಂಬ ವರ್ಗವೊಂದಿದೆ. ಹೆಸರುಂಟು, ಎಲ್ಲೆಯುಂಟು, ಸರ್ವೆ ನಂಬರುಂಟು. ವಾಸದ ಮನೆ ಒಂದೂ ಇಲ್ಲ. ಕೆಲವು ಬರದಲ್ಲಿ, ಕೆಲವು 1898ರಲ್ಲಿ ಬೆಂಗಳೂರಿಗೆ ಬಂದು ಸುತ್ತಲೂ ಹಬ್ಬಿದ ಪ್ಲೇಗಿನಲ್ಲಿ, ಕೆಲವು ಕೆರೆ ಒಡೆದೋ ನೀರು ಬತ್ತಿಯೋ ಖಾಲಿಯಾದವು. ಅಲ್ಲೊಂದು ಮಾರಮ್ಮನ ಕಲ್ಲೋ ಹನುಮಂತರಾಯನ ಗುಡಿಯೋ ಉಳಿದಿರುತ್ತದೆ. ಬಿಟ್ಟುಹೋದವರ ಮೊಮ್ಮಕ್ಕಳು ವರ್ಷಕ್ಕೊಮ್ಮೆ ಬಂದು ಅಲ್ಲಿ ಒಲೆ ಹೂಡಿ ಎಡೆ ಇಡುತ್ತಾರೆ. ಯಾವ ಮನೆತನ ಯಾವ ಹಾಳೂರಿನಿಂದ ಬಂತು ಎಂದು ಕೇಳಿ ಬರೆದರೆ, ಒಂದು ಹೋಬಳಿಯ ಒಳಗೆ ನಡೆದ ವಲಸೆಯ ನಕ್ಷೆಯೇ ಸಿದ್ಧವಾಗುತ್ತದೆ.

ಮೈಸೂರಿನಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಸರಪಳಿ ಹಿಡಿದು ಹೊಲ ಹೊಲವನ್ನೂ ಅಳೆದು, ಮೂಲೆಗೆ ಬಾಂದುಕಲ್ಲು ನೆಟ್ಟು, ಗ್ರಾಮ ನಕ್ಷೆ ಬರೆದರು. ಕೆರೆ, ಕಾಲುವೆ, ಬಂಡಿದಾರಿ, ಗೋಮಾಳ, ಗುಂಡುತೋಪು, ಸ್ಮಶಾನ, ಖರಾಬು ಎಲ್ಲ ಅದರಲ್ಲಿವೆ. ಇಂದು ಮುಚ್ಚಿಹೋದ ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು ಎಂಬ ಜಗಳವನ್ನು ತೀರಿಸುವುದು ಈಗಲೂ ಆ ಹಳೆಯ ನಕ್ಷೆಯೇ.

ನಕ್ಷೆ ಸರ್ಕಾರದ ಕಡೆಯದಾದರೆ, ಊರಿನ ಕಡೆಯದು ಶ್ಯಾನುಭೋಗರ ಬರಹ. ಯಾರ ಹೊಲ ಯಾರಿಗೆ ಗುತ್ತಿಗೆ, ಯಾವ ವರ್ಷ ಯಾವ ಬೆಳೆ, ಯಾರು ಕಂದಾಯ ಕಟ್ಟಲಾಗದೆ ಊರು ಬಿಟ್ಟರು, ತೋಟಿ, ತಳವಾರ, ನೀರಗಂಟಿಗೆ ಎಷ್ಟು ಇನಾಮು ಎಂಬುದು ಅವರ ಲೆಕ್ಕದಲ್ಲಿತ್ತು. ಗ್ರಾಮಾಧಿಕಾರಗಳನ್ನು ರದ್ದುಮಾಡುವ 1961ರ ಕಾಯ್ದೆ 1963ರ ಫೆಬ್ರುವರಿಯಲ್ಲಿ ಜಾರಿಗೆ ಬಂದು ಪಟೇಲಿಕೆ, ಶ್ಯಾನುಭೋಗಿಕೆ ಹೋದವು. ವಂಶಪಾರಂಪರ್ಯದ ದರ್ಬಾರು ಹೋದದ್ದು ನ್ಯಾಯವೇ. ಆದರೆ ಆಮೇಲೆ ಕಾಗದಗಳಿಗೆ ದಿಕ್ಕಿಲ್ಲದಂತಾಯಿತು. ಕೆಲವು ತಾಲ್ಲೂಕು ಕಚೇರಿಯ ಅಭಿಲೇಖಾಲಯ ಸೇರಿದವು. ಮನೆಯಲ್ಲೇ ಉಳಿದವು ಅಟ್ಟದ ಮೇಲೆ ಗೆದ್ದಲಿಗೆ ತುತ್ತಾದವು, ಇಲ್ಲವೇ ಮೋಡಿ ಅಕ್ಷರ ಓದುವವರಿಲ್ಲದೆ ನೀರೊಲೆಗೆ ಹೋದವು.

ಇನ್ನೊಂದು ಕಟ್ಟು ಕಾಗದದ ಕಡೆಗೆ ತಿರುಗಿ ನೋಡಿದವರು ಕಡಿಮೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. 1979ರ ಜೂನ್ 30ರವರೆಗೆ ಅವಕಾಶವಿತ್ತು. ಆ ಕಡತಗಳಲ್ಲಿ ಉಳುವವರ ಹೇಳಿಕೆ, ಒಡೆಯರ ತಕರಾರು, ಅಕ್ಕಪಕ್ಕದವರ ಸಾಕ್ಷಿ ಎಲ್ಲ ದಾಖಲಾಗಿದೆ. ಅಲ್ಲಿಯವರೆಗಿನ ಸರ್ಕಾರಿ ಬರಹಗಳಲ್ಲಿ ಬಡ ರೈತನ ಹೆಸರು ಬಾಕಿದಾರರ ಪಟ್ಟಿಯಲ್ಲಿ ಕಂಡರೆ ಹೆಚ್ಚು. ಇಲ್ಲಿ ಅವನು ‘ನಮ್ಮಪ್ಪನ ಕಾಲದಿಂದ ಈ ಹೊಲ ನಾವೇ ಉಳುತ್ತಿದ್ದೇವೆ’ ಎಂದು ಬಾಯಿಬಿಟ್ಟು ಹೇಳಿ ಹೆಬ್ಬೆಟ್ಟು ಒತ್ತಿದ್ದಾನೆ. ಇಂಗ್ಲೆಂಡಿನ ಪ್ಯಾರಿಷ್ ಪುಸ್ತಕಗಳಲ್ಲೂ ಇಷ್ಟು ನೇರವಾದ ರೈತನ ದನಿ ಸಿಗುವುದು ಅಪರೂಪ.

ಇನ್ನು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ, ಈಚೆಗೆ ಮೋಟಾರು ಬೈಕಿನಲ್ಲಿ, ಬಂದು ಒಕ್ಕಲು ಮನೆಯ ಜಗಲಿಯಲ್ಲಿ ಕೂತು ಆ ಮನೆಯ ವಂಶ ಹೇಳುತ್ತಾರೆ. ಮೂಲಪುರುಷ ಯಾರು, ಎಲ್ಲಿಂದ ಬಂದ, ಯಾವ ದೇವರ ಒಕ್ಕಲು, ಯಾವ ಮಗ ಎಲ್ಲಿ ಬೇರೆ ಹೋದ ಎಂದು ತಲೆತಲಾಂತರದಿಂದ ಒಪ್ಪಿಸಿಕೊಂಡು ಬಂದ ಪಾಠ ಅದು. ಬಾಯಿಪಾಠದ ಜೊತೆಗೆ ಕೆಲವರ ಬಳಿ ಬರೆದ ಪುಸ್ತಕವೂ ಉಂಟು. ಹಿಂದಿನ ಸಲ ಬಂದು ಹೋದಮೇಲೆ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಂಡು, ಕೊಟ್ಟ ರಾಗಿ, ಕುರಿ, ಬಟ್ಟೆ, ಹಣ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಇದು ನಮ್ಮ ನಾಡಿನ ಪ್ಯಾರಿಷ್ ರಿಜಿಸ್ಟರ್ ಎಂದರೆ ತಪ್ಪಿಲ್ಲ. ಅದನ್ನು ಕಾಪಾಡಿದವರು ಮನೆ ಮನೆ ತಿರುಗಿ ಬೇಡಿ ಬದುಕಿದ ಜನ ಎಂಬುದನ್ನು ನೆನೆದರೆ ಅವರ ಮೇಲಿನ ಗೌರವ ಇನ್ನೂ ಹೆಚ್ಚಬೇಕು. ಅವರ ಮಕ್ಕಳು ಓದಿ ಬೇರೆ ಕೆಲಸ ಹಿಡಿಯುತ್ತಿದ್ದಾರೆ, ಹಿಡಿಯಲಿ. ಅಷ್ಟರೊಳಗೆ ಆ ಪಾಠವನ್ನು ದನಿಮುದ್ರಿಸಿಕೊಳ್ಳುವುದು ಒಕ್ಕಲು ಮನೆಗಳ ಹೊಣೆ.

ಆದರೆ ಹೆಳವರ ವಂಶಾವಳಿಯಲ್ಲಿ, ಶಾಸನದಲ್ಲಿ, ಪಹಣಿಯಲ್ಲಿ ಹೆಣ್ಣಿನ ಹೆಸರು ಕಡಿಮೆ. ಅವಳ ಚರಿತ್ರೆಯನ್ನು ಈ ಸೀಮೆಯಲ್ಲಿ ರೇಷ್ಮೆ ಹುಳುವಿನ ಮನೆಯಲ್ಲಿ ಹುಡುಕಬೇಕು. ಮೈಸೂರು ನಾಡಿಗೆ ರೇಷ್ಮೆ ಟಿಪ್ಪುವಿನ ಕಾಲದಲ್ಲಿ ಬಂತು. ಇಂದು ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಪಕ್ಕದ ಮಾಗಡಿ, ಕುಣಿಗಲ್ ಕಡೆ ಮೈಸೂರು ತಳಿಯ ಬಿತ್ತನೆ ಗೂಡಿನ ಸೀಮೆ. ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು, ಹಣ ಎಣಿಸುತ್ತಿದ್ದವರು ಬಹುಮಟ್ಟಿಗೆ ಗಂಡಸರು. ಅದಕ್ಕೂ ಹಿಂದಿನ ಸುಮಾರು ನಾಲ್ಕು ವಾರ ಹೊತ್ತಿಗೆ ಸರಿಯಾಗಿ ಸೊಪ್ಪು ಕೊಟ್ಟು, ತಟ್ಟೆ ಶುಚಿಮಾಡಿ, ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ಕೆಲಸ ಹೆಂಗಸರದು. ಮನೆಯ ಮುಕ್ಕಾಲು ಪಾಲನ್ನು ಹುಳುವಿಗೆ ಬಿಟ್ಟುಕೊಟ್ಟು ಮಕ್ಕಳೊಂದಿಗೆ ಮೂಲೆಯಲ್ಲಿ ಮಲಗಿದ ತಾಯಂದಿರು ಈ ಹೋಬಳಿಗಳಲ್ಲಿ ಇನ್ನೂ ಇದ್ದಾರೆ. ಯಾವ ವರ್ಷ ಹುಳು ಕೈಕೊಟ್ಟಿತು, ಯಾವ ಬೆಳೆಯ ದುಡ್ಡಿನಲ್ಲಿ ಮಗಳ ಮದುವೆ ನಡೆಯಿತು, ಯಾವಾಗ ಮನೆಗೆ ಹೆಂಚು ಬಂತು ಎಂದು ಅವರು ಹೇಳುವ ಲೆಕ್ಕವನ್ನು ಇನ್ನಾವ ಕಚೇರಿಯೂ ಇಟ್ಟಿಲ್ಲ.

ಟಿಪ್ಪಣಿ ಸುಟ್ಟರೂ ನೆನಪಿನಿಂದ ಹಳ್ಳಿಯ ಚರಿತ್ರೆ ಕಟ್ಟಬಹುದು ಎನ್ನುವುದಕ್ಕೆ ನಮ್ಮವರದೇ ನಿದರ್ಶನವಿದೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ಇದ್ದು ಬರೆದುಕೊಂಡ ಟಿಪ್ಪಣಿಗಳ ಸಂಸ್ಕರಿಸಿದ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿದವು. ಆಮೇಲೆ ಮುಖ್ಯವಾಗಿ ನೆನಪನ್ನೇ ನಂಬಿ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂದು ಲೋಕಪ್ರಸಿದ್ಧವಾಯಿತು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಹುಟ್ಟಿದ ಜಾನಪದ ವಿಶ್ವವಿದ್ಯಾಲಯ ಕರ್ನಾಟಕದ ಊರೂರಿನ ವಿವರ ಕೂಡಿಸುವ ಗ್ರಾಮ ಚರಿತ್ರೆ ಕೋಶದ ಕೆಲಸ ಕೈಗೆತ್ತಿಕೊಂಡಿತು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ತ್ರಿವಿಮ ಚಿತ್ರಗಳಾಗಿ ಸೆರೆಹಿಡಿಯುತ್ತಿದೆ. ದಾರಿ ತೋರುವವರು ಇದ್ದಾರೆ.

ಸಮಯ ಮಾತ್ರ ಹೆಚ್ಚಿಲ್ಲ. ಬಿಡದಿ ಹೋಬಳಿಗೆ ಕಾರ್ಖಾನೆಗಳು ಬಂದು ಕಾಲು ಶತಮಾನ ದಾಟಿತು. 2023ರಲ್ಲಿ ಮೈಸೂರಿಗೆ ಎಕ್ಸ್‌ಪ್ರೆಸ್‌ವೇ ತೆರೆಯಿತು. ನೆಲದ ಬೆಲೆ ಏರಿದ ಕಡೆ ಮೊದಲು ಮಾಯವಾಗುವುದು ಬಾಂದುಕಲ್ಲು, ಆಮೇಲೆ ವೀರಗಲ್ಲು. ಜೆಸಿಬಿಗೆ ಎರಡೂ ಒಂದೇ. ನಿಧಿಯ ಆಸೆಗೆ ಕಲ್ಲಿನ ಬುಡ ಅಗೆಯುವವರು ಬೇರೆ. ಶಾಸನದ ಅಡಿಯಲ್ಲಿ ನಿಧಿ ಇಲ್ಲ. ಯಾರಿಗೆ ಯಾವ ಗದ್ದೆ ಬಿಟ್ಟರು ಎಂಬ ಬರಹ ಇದೆ ಅಷ್ಟೆ. ಕಲ್ಲು ಒಡೆದರೆ ಅದೂ ಹೋಯಿತು.

ಕೂಟಗಲ್ ಹೋಬಳಿಯವರಲ್ಲಿ, ಹಾಗೆಯೇ ಚನ್ನಪಟ್ಟಣ, ಮಾಗಡಿ, ಕನಕಪುರ ಕಡೆಯವರಲ್ಲಿ ಒಂದು ಕೋರಿಕೆ. ನಿಮ್ಮ ಹಳ್ಳಿಯ ಹೈಸ್ಕೂಲು ಮಕ್ಕಳನ್ನು ಕರೆದುಕೊಂಡು ಹೋಗಿ ಊರಿನ ಕಲ್ಲುಗಳ ಫೋಟೋ ತೆಗೆಯಿಸಿ, ಯಾವ ಸರ್ವೆ ನಂಬರಿನಲ್ಲಿದೆ ಎಂದು ಬರೆಯಿಸಿ. ಅಟ್ಟದಲ್ಲಿ ಹಳೆಯ ಲೆಕ್ಕದ ಕಾಗದ ಇದ್ದರೆ ಒಲೆಗೆ ಹಾಕಬೇಡಿ, ಓದಬಲ್ಲವರಿಗೆ ತೋರಿಸಿ. ಹೊಲಗಳನ್ನು ಹಿರಿಯರು ಕರೆಯುವ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ. ಪಹಣಿಯಲ್ಲಿ ಹೊಲಕ್ಕೆ ಅಂಕಿ ಮಾತ್ರ ಇರುತ್ತದೆ. ಈ ಸಲ ಹೆಳವರು ಬಂದಾಗ ಮೊಬೈಲಿನಲ್ಲಿ ಅವರ ಮಾತು ಮುದ್ರಿಸಿಕೊಳ್ಳಿ. ಮನೆಯ ಅಜ್ಜಿಯ ಮುಂದೆ ಒಂದು ಸಂಜೆ ಕೂತು, ಅವರು ಮದುವೆಯಾಗಿ ಈ ಊರಿಗೆ ಬಂದ ವರ್ಷ ಊರು ಹೇಗಿತ್ತು ಎಂದು ಕೇಳಿ. ಬರೆದದ್ದರ ಒಂದು ಪ್ರತಿಯನ್ನು ಶಾಲೆಯಲ್ಲಿ, ಇನ್ನೊಂದನ್ನು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಇಡಿ.